ಇಪ್ಪೆಯ ಹೂವು ಮತ್ತು ಮಿಹಾನಿನ ಬಿಯರು

ಒಂದೇ ಕೃತ್ಯಕ್ಕೆ ಎರಡು ಹೆಸರುಗಳಿರುವ ಸಮಾಜದಲ್ಲಿ ನ್ಯಾಯವೂ ಎರಡಾಗಿರುತ್ತದೆ. ನಾಗಪುರದ ದಕ್ಷಿಣಕ್ಕೆ ವರ್ಧಾ ರಸ್ತೆಯ ಬದಿಯಲ್ಲಿ ಹಬ್ಬಿಕೊಂಡಿರುವ ಮಿಹಾನಿನ ಬಹುಮಹಡಿ ವಸತಿಗಳಲ್ಲಿ ವಿದ್ಯಾವಂತ ತರುಣನೊಬ್ಬ ಗಾಜಿನ ಜಾಡಿಯಲ್ಲಿ ಜವೆಗೋಧಿಯ ಕಷಾಯವನ್ನು ಹುಳಿಸಿದರೆ ಅದು 'ಹವ್ಯಾಸ'. ಅಲ್ಲಿಂದ ಅರವತ್ತು ಎಪ್ಪತ್ತು ಕಿಲೋಮೀಟರು ದೂರದ ರಾಮಟೇಕ, ಪಾರಶಿವನಿ ಕಡೆಯ ಕಾಡಂಚಿನ ಹಳ್ಳಿಯಲ್ಲಿ ಗೊಂಡ ಹೆಂಗಸೊಬ್ಬಳು ಮಣ್ಣಿನ ಗಡಿಗೆಯಲ್ಲಿ ಇಪ್ಪೆಯ ಹೂವನ್ನು ಹುಳಿಸಿದರೆ ಅದು 'ಹಾತಭಟ್ಟಿ', ಅಂದರೆ ಕಳ್ಳಭಟ್ಟಿ. ಮೊದಲನೆಯದಕ್ಕೆ ನಮ್ಮಲ್ಲಿ ಕುತೂಹಲವಿದೆ, ಎರಡನೆಯದಕ್ಕೆ ಪೊಲೀಸು ಠಾಣೆಯಿದೆ. ಈ ಇಬ್ಬಂದಿತನವನ್ನು ಪ್ರಶ್ನಿಸುವುದೇ ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತು. ನಾನು ಕುಡಿತದ ವಕಾಲತ್ತು ವಹಿಸಲು ಹೊರಟವನಲ್ಲ. ಕೇಂದ್ರ ಸರಕಾರದ ನೌಕರನಾಗಿ 1964ರ ನಡತೆ ನಿಯಮಗಳ 22ನೆಯ ನಿಯಮಕ್ಕೆ ಬದ್ಧನಾದವನು. ತಾನಿರುವ ಪ್ರದೇಶದ ಮದ್ಯ ಸಂಬಂಧದ ಕಾನೂನನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದೆಂದು ಅದು ಹೇಳುತ್ತದೆ. ಪಾಲಿಸುತ್ತೇನೆ. ಆದರೆ ಕಾನೂನನ್ನು ಪಾಲಿಸುವವನಿಗೆ ಅದರ ಅರ್ಥವನ್ನು ವಿಚಾರಿಸುವ ಹಕ್ಕಿಲ್ಲವೆಂದು ಯಾವ ನಿಯಮವೂ ಹೇಳಿದಂತಿಲ್ಲ.

ನಮ್ಮ ಕನ್ನಡ ಬಾಂಧವರ ಕೂಟವೊಂದರಲ್ಲಿ ಮಿಹಾನಿನ ಕಂಪನಿಯೊಂದರ ಎಂಜಿನಿಯರು ತನ್ನ ಮನೆಯ ಬಿಯರಿನ ಪಾಡನ್ನು ವರ್ಣಿಸುತ್ತಿದ್ದ. ಮೊಳಕೆ ಕಟ್ಟಿ ಒಣಗಿಸಿದ ಜವೆಗೋಧಿಯನ್ನು ತರಿಯಾಗಿ ಒಡೆದು, ಅರವತ್ತೈದು ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಒಂದು ತಾಸು ನೆನೆಸಿ, ಸೋಸಿ, ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಎರಡು ವಾರ ಕಾಯಬೇಕು. ಕಷ್ಟವೆಲ್ಲ ಸಾಮಗ್ರಿಯದು. ಇತವಾರಿಯ ಪೇಟೆಯಲ್ಲಿ ರೊಟ್ಟಿಯ ಯೀಸ್ಟ್ ಸಿಕ್ಕೀತೇ ಹೊರತು ಬಿಯರಿನ ಯೀಸ್ಟ್ ಸಿಗದು. ಹಾಪ್ಸ್ ನಮ್ಮ ದೇಶದಲ್ಲಿ ಬೆಳೆಯುವುದು ದೂರದ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಮಾಲ್ಟು ಪುಣೆಯಿಂದಲೋ ಬೆಂಗಳೂರಿನಿಂದಲೋ ಕೊರಿಯರಿನಲ್ಲಿ ಬರಬೇಕು. "ಈ ಊರಿನಲ್ಲಿ ಏನೂ ಸಿಗುವುದಿಲ್ಲ ಸರ್" ಎಂದು ಆತ ನೊಂದುಕೊಂಡ. ಕೇಳಿದವರು ಆತನ ಛಲವನ್ನು ಮೆಚ್ಚಿದರು. ಅದೇ ಸಂಜೆ ಅದೇ ಗುಂಪಿನಲ್ಲಿ, ಕಟ್ಟಡ ಕೆಲಸದ ಕೂಲಿಗಳು ಗುಡಿಸಿಲಿನಲ್ಲಿ ಮೋಹದ ಸಾರಾಯಿ ಕಾಯಿಸುತ್ತಾರೆ, ಪೊಲೀಸರಿಗೆ ಅರ್ಜಿ ಕೊಡಬೇಕು ಎಂಬ ಮಾತೂ ಬಂತು. ಎರಡು ಮಾತುಗಳ ನಡುವಿನ ವಿಸಂಗತಿ ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ.

ಈ ಊರಿನಲ್ಲಿ ಏನೂ ಸಿಗುವುದಿಲ್ಲವೇ? ವಿದರ್ಭದ ವಾರದ ಸಂತೆಗಳಲ್ಲಿ ಬೇಸಗೆಯಲ್ಲಿ ಒಣಗಿದ ಇಪ್ಪೆಯ ಹೂವು ರಾಶಿರಾಶಿಯಾಗಿ ಬರುತ್ತದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ರಾತ್ರಿಯಿಡೀ ಉದುರುವ ಈ ಹೂವನ್ನು ಬೆಳಕು ಹರಿಯುವ ಮುನ್ನವೇ ಹೆಂಗಸರೂ ಮಕ್ಕಳೂ ಬುಟ್ಟಿಗಳಲ್ಲಿ ಆಯುತ್ತಾರೆ. ಒಣಗಿಸಿಟ್ಟರೆ ಮಳೆಗಾಲದ ಹಸಿವಿಗೆ ಅದೇ ಆಹಾರ, ಸಾಲಕ್ಕೆ ಅದೇ ಆಧಾರ, ದೇವರಿಗೆ ಅದೇ ನೈವೇದ್ಯ. ಮರಾಠಿಯಲ್ಲಿ ಮೋಹ, ಸಂಸ್ಕೃತದಲ್ಲಿ ಮಧೂಕ. ಗೋಂಡಿಯಲ್ಲಿ ಈ ಹೂವಿಗೆ 'ಇರುಪ್' ಎಂಬ ಹೆಸರುಂಟು. ನಮ್ಮ 'ಇರ್ಪೆ', 'ಇಪ್ಪೆ', ತೆಲುಗಿನ 'ಇಪ್ಪ', ತಮಿಳಿನ 'ಇಲುಪ್ಪೈ'ಗಳೆಲ್ಲ ಅದರ ಒಡಹುಟ್ಟುಗಳು. ಗೋಂಡಿ ದ್ರಾವಿಡ ಭಾಷೆ ಎಂಬುದನ್ನೂ, 1702ರಲ್ಲಿ ಈ ನಾಗಪುರವನ್ನು ಕಟ್ಟಿದವನು ದೇವಗಡದ ಗೊಂಡ ದೊರೆ ಬಖ್ತ ಬುಲಂದ ಶಾಹ ಎಂಬುದನ್ನೂ ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಒಮ್ಮೆಯಾದರೂ ನೆನೆದದ್ದುಂಟೇ? ಹೊರನಾಡಿನಲ್ಲಿ ನಮ್ಮ ನುಡಿಗೆ ನೆಂಟರಿಲ್ಲವೆಂದು ಕೊರಗುವ ನಾವು, ನೆಂಟರ ಮನೆಯ ಗಡಿಗೆಯನ್ನು ಒಡೆಯಲು ಮಾತ್ರ ಅರ್ಜಿ ಬರೆಯುತ್ತೇವೆ.

ಈ ಗಡಿಗೆ ಅಪರಾಧವಾದದ್ದು ಯಾವಾಗ? ಬ್ರಿಟಿಷರು ಮುಂಬಯಿ ಪ್ರಾಂತದಲ್ಲಿ 1878ರಲ್ಲಿ ಅಬಕಾರಿ ಕಾಯಿದೆ ತಂದರು. ಮನೆಮನೆಯ ಭಟ್ಟಿಯ ಸ್ಥಾನದಲ್ಲಿ ಕೇಂದ್ರೀಕೃತ ಡಿಸ್ಟಿಲರಿಗಳೂ ಗುತ್ತಿಗೆದಾರರೂ ಬಂದರು. 1892ರ ಮ್ಹೌರಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೂವನ್ನೇ ನಿರ್ಬಂಧಿಸಿತು. ಮರದಿಂದ ತಾನಾಗಿ ಉದುರಿದ ಹೂವನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಕಟ್ಟಳೆ! ಇಲ್ಲಿ ಜನರ ಆರೋಗ್ಯದ ಚಿಂತೆ ಎಷ್ಟಿತ್ತೆಂಬುದನ್ನು ಇತಿಹಾಸಕಾರ ಡೇವಿಡ್ ಹಾರ್ಡಿಮನ್ ದಕ್ಷಿಣ ಗುಜರಾತಿನ ಅಧ್ಯಯನದಲ್ಲಿ ವಿವರವಾಗಿ ತೋರಿಸಿದ್ದಾರೆ. ವಸಾಹತು ಪ್ರಭುತ್ವಕ್ಕೆ ಬೇಕಾಗಿದ್ದದ್ದು ರಾಜಸ್ವ. ತೆರಿಗೆ ಕಟ್ಟದ ಕುಡಿತ ಮಾತ್ರವೇ ಪಾಪ. ಪದ್ಧತಿ ಅಪರಾಧವಾದದ್ದು ಹೀಗೆ.

ಸ್ವಾತಂತ್ರ್ಯಾನಂತರ ನಾವು ಮಾಡಿದ್ದೇನು? ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧವನ್ನು ನಿರ್ದೇಶಕ ತತ್ವವಾಗಿ ಹೇಳಿತು. 1949ರ ಮುಂಬಯಿ ಪಾನನಿರೋಧ ಕಾಯಿದೆ ಇಂದಿಗೂ ಮಹಾರಾಷ್ಟ್ರ ಪಾನನಿರೋಧ ಕಾಯಿದೆ ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಕಾಗದದ ಮೇಲೆ ಇದು ಪಾನನಿರೋಧದ ರಾಜ್ಯ. ವಿದೇಶಿ ಮದ್ಯ ಕುಡಿಯುವವನ ಬಳಿ ಪರ್ಮಿಟ್ ಇರಬೇಕು. ವಾಸ್ತವದಲ್ಲಿ ಬಾರುಗಳ ಸಾಲು ಎಲ್ಲರಿಗೂ ಕಾಣುತ್ತದೆ. 2001ರಲ್ಲಿ ಇದೇ ರಾಜ್ಯ ದ್ರಾಕ್ಷಿ ಸಂಸ್ಕರಣ ನೀತಿಯನ್ನು ತಂದು ನಾಸಿಕದ ವೈನಿಗೆ ಅಬಕಾರಿ ಸುಂಕದ ವಿನಾಯಿತಿ ಕೊಟ್ಟಿತು. 2009ರಲ್ಲಿ ಪುಣೆಯಲ್ಲಿ ಡೂಲಾಲಿಯಂಥ ಕಿರು ಬಿಯರಖಾನೆ ಬಂದಾಗ ಅದು ಉದ್ಯಮಶೀಲತೆಯೆನಿಸಿತು. ದ್ರಾಕ್ಷಿ ಹುಳಿತರೆ ಕೃಷಿ ಅಭಿವೃದ್ಧಿ. ಜವೆಗೋಧಿ ಹುಳಿತರೆ ನಗರ ಸಂಸ್ಕೃತಿ. ಇಪ್ಪೆ ಹುಳಿತರೆ ಮಾತ್ರ 65ನೆಯ ಕಲಮು. ಕಲಮಿನ ಅಕ್ಷರಕ್ಕೆ ಲೈಸೆನ್ಸಿಲ್ಲದೆ ಕಾಯಿಸಿದ ಮಿಹಾನಿನ ಬಿಯರೂ ಒಳಪಡುತ್ತದೆ. ಆದರೆ ಆ ಬಹುಮಹಡಿಯ ಲಿಫ್ಟನ್ನು ಏರಿ ಹೋಗಿ ಜಾಡಿ ಒಡೆದ ಪೇದೆಯನ್ನು ನಾನಂತೂ ಕಂಡಿಲ್ಲ.

ಇನ್ನೊಂದು ವಿಪರ್ಯಾಸವನ್ನು ಗಡಿಯ ನೋವು ಬಲ್ಲ ಕನ್ನಡಿಗರು ಬೇಗ ಗ್ರಹಿಸಿಯಾರು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ನಾಗಪುರವೂ ಛಿಂದವಾಡೆಯೂ ಒಂದೇ ರಾಜ್ಯದಲ್ಲಿದ್ದವು. ನಾಗಪುರವೇ ಅದರ ರಾಜಧಾನಿ. ಆ ವರ್ಷ ವಿದರ್ಭ ಮುಂಬಯಿಯ ಪಾಲಾಯಿತು. ಈಗ ಗೆರೆಯ ಆಚೆ, ಮಧ್ಯಪ್ರದೇಶದಲ್ಲಿ, ಬುಡಕಟ್ಟಿನವರು ಮನೆಬಳಕೆಗೆ ಮಿತ ಪ್ರಮಾಣದಲ್ಲಿ ಇಪ್ಪೆಯ ಮದ್ಯ ಇಳಿಸಿಕೊಳ್ಳಲು ರಿಯಾಯತಿಯಿದೆ. ಗೆರೆಯ ಈಚೆ ಅದೇ ಗೊಂಡರಿಗೆ, ಅದೇ ಹೂವಿಗೆ, ಅದೇ ದೇವರಿಗೆ ಆ ರಿಯಾಯತಿಯಿಲ್ಲ. ಹೂವಿನ ಸಂಗ್ರಹ, ಸಾಗಣೆಗಳ ಮೇಲಿನ ನಿರ್ಬಂಧವನ್ನು ಮಹಾರಾಷ್ಟ್ರ ಸಡಿಲಿಸಿದ್ದೇ 2021ರಲ್ಲಿ. ಅಕ್ಕನ ಅಡುಗೆ ತಂಗಿಯ ಮನೆಯಲ್ಲಿ ಅಪರಾಧವಾಗುವುದು ಯಾವ ನೀತಿಶಾಸ್ತ್ರದಿಂದ?

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಗಂಭೀರವಾದವು, ತಳ್ಳಿಹಾಕತಕ್ಕವಲ್ಲ.

ಮೊದಲನೆಯದು ಹೆಣ್ಣುಮಕ್ಕಳದು. ಕುಡಿತದ ಬೆಲೆಯನ್ನು ತೆರುವವಳು ಹೆಂಡತಿ. 1990ರ ದಶಕದ ಆರಂಭದಲ್ಲಿ ನೆಲ್ಲೂರಿನ ಹೆಂಗಸರು ಸಾರಾಯಿಯ ವಿರುದ್ಧ ಎದ್ದರು. 1993ರಲ್ಲಿ ನಮ್ಮ ನೆರೆಯ ಗಡಚಿರೋಲಿಯಲ್ಲಿ ಜನಾಂದೋಲನದ ಫಲವಾಗಿ ಪಾನನಿರೋಧ ಬಂತು. 2019ರ ಜನವರಿಯಲ್ಲಿ ಕರ್ನಾಟಕದ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಈ ಹೆಣ್ಣುಮಕ್ಕಳ ಮುಂದೆ ಯಾವ ಸಂಸ್ಕೃತಿಯ ವಾದವೂ ತಲೆ ಎತ್ತಲಾರದು. ಆದರೆ ಅವರು ಯಾರ ವಿರುದ್ಧ ನಡೆದರು? ಹಬ್ಬಕ್ಕೆ ಅತ್ತೆ ಹುಳಿಸಿದ ಗಡಿಗೆಯ ವಿರುದ್ಧವಲ್ಲ; ಹಳ್ಳಿಯ ಮೂಲೆಮೂಲೆಗೆ, ವರ್ಷದ ಮುನ್ನೂರ ಅರವತ್ತೈದು ದಿನವೂ ಪೊಟ್ಟಣಗಳಲ್ಲಿ ಬಂದಿಳಿಯುವ ಕಾರ್ಖಾನೆಯ ಸರಕಿನ ವಿರುದ್ಧ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ನಿಷೇಧದ ಹನ್ನೆರಡನೆಯ ವರ್ಷದಲ್ಲಿ ಹೆಂಗಸರು ಹೆದ್ದಾರಿಗಿಳಿಯಬೇಕಾಯಿತೆಂದರೆ ಗೆದ್ದವರು ಯಾರು, ಸೋತವರು ಯಾರು?

ಎರಡನೆಯ ಆಕ್ಷೇಪ ವಿಷದ್ದು. ಕಳ್ಳಭಟ್ಟಿಯಿಂದ ಜನ ಸಾಯುತ್ತಾರೆ, ನಿಜ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. ಕೊಂದದ್ದು ಇಪ್ಪೆಯ ಹೂವಲ್ಲ. ಕಾರ್ಖಾನೆಗಳ ಬಳಕೆಗೆಂದು ತಯಾರಾದ ಮೀಥೈಲ್ ಆಲ್ಕೋಹಾಲು. ಲಾಭಕ್ಕಾಗಿ ಕಳ್ಳವ್ಯಾಪಾರಿ ಅದನ್ನು ಬೆರೆಸುತ್ತಾನೆ. ಹೂವಿನಿಂದ, ಧಾನ್ಯದಿಂದ ಹುಳಿಸಿದ್ದರಲ್ಲಿ ಈ ವಿಷ ಕೊಲ್ಲುವ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ತನ್ನ ಮಗನೂ ಕುಡಿಯುವ ಗಡಿಗೆಗೆ ತಾಯಿ ವಿಷ ಹಾಕುವುದಿಲ್ಲ. ಮನೆಯ ಗಡಿಗೆಯನ್ನು ಒಡೆದ ಮೇಲೆ ಆ ಮನೆಯವರು ಕೈಚಾಚುವುದು ಈ ಕಳ್ಳವ್ಯಾಪಾರಿಯ ಕಡೆಗೇ ಎಂಬುದನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹುಳಿಸುವುದಕ್ಕೂ ಬಟ್ಟಿ ಇಳಿಸುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಒಪ್ಪುತ್ತೇನೆ. ಹುಳಿಸಿದ ಪಾನೀಯದ ಅಮಲು ಒಂದು ಮಿತಿಗೆ ತಾನೇ ನಿಲ್ಲುತ್ತದೆ. ಅಮಲು ಹೆಚ್ಚಿದಂತೆ ಯೀಸ್ಟೇ ಸಾಯುತ್ತದೆ. ಬಟ್ಟಿಗೆ ಆ ಸ್ವಾಭಾವಿಕ ಕಡಿವಾಣವಿಲ್ಲ. ಬೆಂಕಿಯ ಅಪಾಯವೂ ಉಂಟು. ಆದ್ದರಿಂದ ಕಾನೂನು ಎರಡನ್ನೂ ಬೇರೆಬೇರೆಯಾಗಿ ಕಾಣಲಿ. ಬ್ರಿಟನ್ನು 1963ರಲ್ಲಿ ಮನೆಯ ಬಿಯರಿಗೆ ಲೈಸೆನ್ಸಿನ ಅಗತ್ಯವನ್ನು ರದ್ದುಮಾಡಿತು. ಒಂದು ಕಾಲಕ್ಕೆ ಪಾನನಿರೋಧವನ್ನೇ ಸಂವಿಧಾನಕ್ಕೆ ಸೇರಿಸಿ ಕೈಸುಟ್ಟುಕೊಂಡಿದ್ದ ಅಮೆರಿಕ 1978ರ ಕಾಯಿದೆಯಿಂದ ಮನೆಬಳಕೆಯ ಬಿಯರಿಗೆ ವರ್ಷಕ್ಕೆ ಇಷ್ಟೆಂದು ಮಿತಿ ಕಟ್ಟಿ ಅವಕಾಶ ಕೊಟ್ಟಿತು. ಮನೆಯ ಬಟ್ಟಿಗೆ ಕೊಡಲಿಲ್ಲ. ನಮಗೆ ಅಬಕಾರಿಯನ್ನು ಕಲಿಸಿದವರೇ ತಮ್ಮ ಮನೆಗಳಲ್ಲಿ ಅದನ್ನು ಸಡಿಲಿಸಿದರು. ನಾವು ಮಾತ್ರ ಕಲಿತ ಪಾಠವನ್ನು ಮರೆಯದ ವಿಧೇಯ ವಿದ್ಯಾರ್ಥಿಗಳು.

ಇತ್ತೀಚೆಗೆ ಹೊಸದೊಂದು ಗಾಳಿ ಬೀಸುತ್ತಿದೆ, 'ಪರಂಪರೆ'ಯ ಗಾಳಿ. ಗೋವೆಯ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಸ್ಸಾಮಿನ ದಿಮಾಸಾ ಜನರ ಅಕ್ಕಿಯ ಪಾನೀಯ ಜುದಿಮಾಕ್ಕೆ 2021ರಲ್ಲಿ. ಮಧ್ಯಪ್ರದೇಶ ಇಪ್ಪೆಯ ಮದ್ಯವನ್ನು ಪಾರಂಪರಿಕವೆಂದು ಕರೆದು ಅಲೀರಾಜಪುರ, ದಿಂಡೋರಿಗಳಲ್ಲಿ ಬುಡಕಟ್ಟಿನ ಸ್ವಸಹಾಯ ಗುಂಪುಗಳ ಮೂಲಕ ಸೀಸೆಗೆ ತುಂಬಿಸಿದೆ. ಇವು ಸ್ವಾಗತಾರ್ಹವೇ. ಆದರೆ ಎಚ್ಚರವಿರಲಿ. ಗಡಿಗೆಯನ್ನು ಒಡೆದು ಸೀಸೆಯನ್ನು ಪೂಜಿಸುವುದಾದರೆ, ಹೂವು ಆಯುವವಳು ನಾಳೆ ತನ್ನದೇ ಪಾನೀಯದ ಕಾರ್ಖಾನೆಯಲ್ಲಿ ದಿನಗೂಲಿಯಾದಾಳು. ಅವಳ ಅಂಗಳದಲ್ಲಿ ಅಪರಾಧವಾದದ್ದು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಉಡುಗೊರೆಯಾದೀತು. ಮಿಹಾನಿನ ನೆಲವೂ ಒಂದು ಕಾಲಕ್ಕೆ ಶಿವಣಗಾಂವ, ಖಾಪರಿ, ತೆಲ್ಹಾರಾ, ಕಲಕುಹಿ ಎಂಬ ಹಳ್ಳಿಗಳ ಹೊಲವಾಗಿತ್ತು. ಹೊಲ ಕಳೆದುಕೊಂಡವರಿಗೆ ಪರಿಹಾರವೆಂಬ ಪದವನ್ನಾದರೂ ಹೇಳಿದ್ದೇವೆ. ಹಕ್ಕು ಕಳೆದುಕೊಂಡವರಿಗೆ ಅದೂ ಇಲ್ಲ.

ಹಾಗಾದರೆ ಆಗಬೇಕಾದ್ದೇನು? ದಾರಿ ಹೊಸದಲ್ಲ. 1996ರ ಪೆಸಾ ಕಾಯಿದೆ ಅನುಸೂಚಿತ ಪ್ರದೇಶಗಳಲ್ಲಿ ಮಾದಕ ಪಾನೀಯದ ನಿಷೇಧವನ್ನೋ ನಿಯಂತ್ರಣವನ್ನೋ ನಿರ್ಧರಿಸುವ ಅಧಿಕಾರವನ್ನು ಗ್ರಾಮಸಭೆಗೂ ಪಂಚಾಯತಿಗೂ ಒಪ್ಪಿಸಬೇಕೆಂದಿದೆ. ಗ್ರಾಮಸಭೆಯಲ್ಲಿ ಹೆಂಗಸರೂ ಕುಳಿತಿರುತ್ತಾರೆ. ಬೇಡವೆಂದರೆ ಅವರೇ ಬೇಡವೆನ್ನಲಿ, ಬೇಕೆಂದರೆ ಎಷ್ಟು, ಯಾವ ಹಬ್ಬಕ್ಕೆ ಎಂಬುದನ್ನು ಅವರೇ ಗೊತ್ತುಮಾಡಲಿ. ಗಡಚಿರೋಲಿಯ ಮೇಂಢಾ ಗ್ರಾಮದವರು ದಿಲ್ಲಿ ಮುಂಬಯಿಯಲ್ಲಿ ನಮ್ಮ ಸರಕಾರ, ನಮ್ಮೂರಿನಲ್ಲಿ ನಾವೇ ಸರಕಾರ ಎಂದದ್ದು ಇದೇ ಅರ್ಥದಲ್ಲಿ. ಅನುಸೂಚಿಯ ಹೊರಗುಳಿದ ನಾಗಪುರ ಜಿಲ್ಲೆಯ ಗೊಂಡ ಹಳ್ಳಿಗಳಿಗೂ ಇದು ವಿಸ್ತರಿಸಲಿ. ಮನೆಬಳಕೆಗೆ ಹುಳಿಸುವುದನ್ನು ಮಿತಿಯೊಳಗೆ ಎಲ್ಲರಿಗೂ, ಅಂದರೆ ಮಿಹಾನಿನ ಎಂಜಿನಿಯರಿಗೂ ಕಾಡಂಚಿನ ಮುದುಕಿಗೂ, ಒಂದೇ ಕಲಮಿನಲ್ಲಿ ಅಪರಾಧದ ಪಟ್ಟಿಯಿಂದ ತೆಗೆಯಲಿ. ಬಟ್ಟಿ ಇಳಿಸುವುದು ಸಹಕಾರಿ ಗುಂಪುಗಳಲ್ಲಿ, ಪರೀಕ್ಷೆಗೊಳಪಟ್ಟು ನಡೆಯಲಿ. ಮಾರಾಟಕ್ಕೆ ಮಾತ್ರ ಕಟ್ಟುನಿಟ್ಟಿರಲಿ, ಅದು ಹಳ್ಳಿಯ ಗುಡಿಸಿಲಾದರೂ ಸರಿ, ಪಂಚತಾರಾ ಹೋಟೆಲಾದರೂ ಸರಿ.

ನಮ್ಮ ಶರಣ ಪರಂಪರೆಯಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಶರಣನೇ ಆಗಿದ್ದ. ಹೆಂಡದ ಮಾರಯ್ಯನೆಂಬ ಹೆಸರಿನಿಂದಲೇ ಅವನು ಉಳಿದಿದ್ದಾನೆ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನನ್ನು ನಾವು ಪ್ರತಿ ರಾಜ್ಯೋತ್ಸವದಲ್ಲೂ ಹಾಡಿ ತಲೆದೂಗುತ್ತೇವೆ. ವೇದಿಕೆಯ ಮೇಲಿನ ರತ್ನ ನಮಗೆ ಪ್ರಿಯ. ಗುಡಿಸಿಲಿನಲ್ಲಿರುವ ರತ್ನನಿಗೆ ಅರ್ಜಿ. ಈ ಆಷಾಢಭೂತಿತನ ಸಾಕು. ಕೂಲಿಗಳ ವಿರುದ್ಧದ ಆ ಅರ್ಜಿಯನ್ನು ಕೊಡಲೇಬೇಕೆಂದಿದ್ದರೆ, ಅದರ ಕೆಳಗೆ ನಮ್ಮ ಮಿಹಾನಿನ ತರುಣನ ಫ್ಲಾಟಿನ ಸಂಖ್ಯೆಯನ್ನೂ ಬರೆದು ಕೊಡೋಣ. ಆ ಧೈರ್ಯವಿಲ್ಲದಿದ್ದರೆ ಎರಡು ಹೆಸರುಗಳನ್ನೂ ಬಿಟ್ಟು, ಕಾನೂನನ್ನು ಬದಲಿಸಿರೆಂಬ ಅರ್ಜಿಯನ್ನು ಬರೆಯೋಣ. ಅದಕ್ಕೆ ಮೊದಲ ಸಹಿ ಹಾಕಲು ನಾನು ಸಿದ್ಧನಿದ್ದೇನೆ.