ಕಾಗದದ ಕುದುರೆ, ಟ್ರ್ಯಾಕಿನ ಕುದುರೆ

ಹಳೆಯ ಅಮೆರಿಕನ್ ಮಸಲ್ ಕಾರುಗಳಲ್ಲಿ ಎಲ್ಲಕ್ಕಿಂತ ವೇಗದ್ದು ಯಾವುದು? ಹಾಸ್ಟೆಲ್‌ನಲ್ಲಿ ಊಟ ಮುಗಿದ ಮೇಲೆ ಈ ಚರ್ಚೆ ಶುರುವಾದರೆ ನಿಲ್ಲುವುದೇ ಇಲ್ಲ. ಒಬ್ಬ 1970ರ ಷೆವರ್ಲೆ ಶೆವೆಲ್ ಎಲ್‌ಎಸ್6 ಅನ್ನುತ್ತಾನೆ: 450 ಅಶ್ವಶಕ್ತಿ. ಇನ್ನೊಬ್ಬ ಪ್ಲಿಮತ್‌ನ ಹೆಮಿ ಕುಡಾ ಬಿಟ್ಟುಕೊಡುವುದಿಲ್ಲ: 425. ನಾನು ಬ್ಯೂಕ್ ಜಿಎಸ್ ಸ್ಟೇಜ್ 1 ಅಂದರೆ ನಗುತ್ತಾರೆ. ಅದರದು ಬರೀ 360!

ನಗುವ ಮೊದಲು ಆ ಅಂಕಿ ಹೇಗೆ ಬಂತು ನೋಡಬೇಕಲ್ಲವೇ? 1972ರಲ್ಲಿ ‘ನೆಟ್’ ಲೆಕ್ಕ ಬರುವವರೆಗೆ ಅಲ್ಲಿ ನಡೆದದ್ದು ‘ಗ್ರಾಸ್’ ಲೆಕ್ಕ. ಏರ್ ಕ್ಲೀನರ್, ಸೈಲೆನ್ಸರ್ ಇಲ್ಲದೆ ಎಂಜಿನ್ ಒಂದನ್ನೇ ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು. ವಿಮೆ ಕಂತಿನ ಭಯಕ್ಕೆ ಕೆಲವು ಎಂಜಿನ್‌ಗಳ ಶಕ್ತಿಯನ್ನು ಬೇಕೆಂದೇ ಇಳಿಸಿ ಬರೆದದ್ದೂ ಉಂಟು. 1969ರ ಕ್ಯಾಮರೊ ಝಡ್‌ಎಲ್1 ಕಾಗದದಲ್ಲಿ 430, ನಿಜದಲ್ಲಿ 500 ದಾಟುತ್ತಿತ್ತು.

ನನ್ನ ಬ್ಯೂಕ್‌ನ ಬಲ ಇದ್ದದ್ದು ಟಾರ್ಕ್‌ನಲ್ಲಿ: 510 ಪೌಂಡ್-ಅಡಿ. 1970ರಲ್ಲಿ ಮೋಟಾರ್ ಟ್ರೆಂಡ್ ಪತ್ರಿಕೆ ಓಡಿಸಿ ನೋಡಿದಾಗ ಅದು ಕಾಲು ಮೈಲಿಯನ್ನು 13.38 ಸೆಕೆಂಡಿನಲ್ಲಿ ಮುಗಿಸಿತು. ಶೆವೆಲ್, ಕುಡಾಗಳ ಸಾಲಿನಲ್ಲೇ ನಿಲ್ಲುವ ವೇಗ ಅದು. ಅಂದಿನ ಕಿರಿದಾದ ಟೈರುಗಳು ಜಾರದಂತೆ ಹೊರಡುವುದೇ ಅರ್ಧ ಗೆಲುವು. ಆ ಜಾಣತನ ಯಾವ ಕ್ಯಾಟಲಾಗ್‌ನಲ್ಲೂ ಇರಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟೇ: ವೇಗದ ತೀರ್ಪು ಟ್ರ್ಯಾಕಿನಲ್ಲಾಗಲಿ, ಕಾಗದದ ಮೇಲಲ್ಲ. ಶೇ 58 ಅಂಕ ನೋಡಿ ಸಂದರ್ಶನಕ್ಕೂ ಕರೆಯದೆ ನನ್ನ ಅರ್ಜಿ ಬದಿಗಿಟ್ಟವರಿಗೂ ಅದನ್ನೇ ಹೇಳುತ್ತೇನೆ. ಒಮ್ಮೆ ಓಡಿಸಿ ನೋಡಿ ಸ್ವಾಮಿ!