ನವೋದಯ ಸೀಟಿನ ಓಟ: ಮಕ್ಕಳ ಕಣ್ಣಿಗೆ ಪೆಟ್ಟು

ಬೀದರ್ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿ. ಅಲ್ಲೊಂದು ಸೀಟು ಸಿಕ್ಕರೆ ಮಗುವಿನ ಬಾಳು ನೆಟ್ಟಗಾದಂತೆ ಎಂಬ ಆಸೆ ಕಲ್ಯಾಣ, ಹುಮನಾಬಾದ್ ಎರಡೂ ಕಡೆಯ ತಂದೆತಾಯಿಗಳಿಗಿದೆ. ಆಸೆ ತಪ್ಪಲ್ಲ. ಆದರೆ ಆರನೇ ತರಗತಿಯ ಪ್ರವೇಶಕ್ಕೆ ಐದನೇ ತರಗತಿಯಲ್ಲೇ ಪರೀಕ್ಷೆ. ಅದಕ್ಕಾಗಿ ಇನ್ನೂ ಮೊದಲೇ ಕೋಚಿಂಗ್. ಬೆಳಿಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಕೋಚಿಂಗ್, ರಾತ್ರಿ ಕೈಯಲ್ಲಿ ಮೊಬೈಲ್. ಈ ಗಾಣಕ್ಕೆ ಬಿದ್ದ ಕೂಸು ಬಿಸಿಲು ಕಾಣುವುದು ಯಾವಾಗ?

ಇದು ಬರೀ ಆಟದ ಪ್ರಶ್ನೆಯಲ್ಲ, ಕಣ್ಣಿನ ಪ್ರಶ್ನೆ. ಹತ್ತಿರದ್ದು ಚೆನ್ನಾಗಿ ಕಂಡು ದೂರದ್ದು ಮಸುಕಾಗುವ ದೋಷವೇ ಸಮೀಪದೃಷ್ಟಿ. ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದು ಇದರ ಮುಖ್ಯ ಕಾರಣ. ಉದ್ದವಾದ ಗುಡ್ಡೆ ಮತ್ತೆ ಮೊದಲಿನ ಅಳತೆಗೆ ಬಾರದು. ಎಂಟು-ಒಂಬತ್ತರ ವಯಸ್ಸಿಗೇ ಶುರುವಾದರೆ ನಂಬರ್ ಏರಲು ಮುಂದೆ ಬೇಕಾದಷ್ಟು ವರ್ಷ ಉಳಿದಿರುತ್ತವೆ. ಅದು ಮೈನಸ್ ಆರು ದಾಟಿದರೆ ದೊಡ್ಡವರಾದ ಮೇಲೆ ಅಕ್ಷಿಪಟ ಕಳಚುವ ಅಪಾಯ ಹೆಚ್ಚು. ಆಗ ಚಷ್ಮಾ ಬದಲಿಸಿದರೆ ಸಾಲದು.

‘ಇದೆಲ್ಲ ಪ್ಯಾಟಿ ಮಕ್ಕಳ ಬ್ಯಾನಿ, ನಮ್ಮ ಕಡಿ ಎಲ್ಲದರಿ?’ ಎನ್ನುವವರಿದ್ದಾರೆ. 2002ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಮಹಬೂಬ್‌ನಗರ ಜಿಲ್ಲೆಯ ಹಳ್ಳಿ ಮಕ್ಕಳಲ್ಲಿ ನೂರಕ್ಕೆ ಸುಮಾರು 4, ದೆಹಲಿ ಮಕ್ಕಳಲ್ಲಿ ಸುಮಾರು 7 ಮಂದಿಗೆ ಈ ದೋಷ ಕಂಡಿತ್ತು ನಿಜ. ಆದರೆ 2015ರ ಹೊತ್ತಿಗೆ ದೆಹಲಿಯ ಶಾಲೆಗಳಲ್ಲಿ ಅದು 13 ಎಂದು ವರದಿಯಾಯಿತು. ಪ್ಯಾಟಿಯ ದಿನಚರಿಯೇ ತಾಲ್ಲೂಕಿಗೆ ಬಂದ ಮೇಲೆ ಪ್ಯಾಟಿಯ ಬ್ಯಾನಿ ಬೀದರಿನ ಗಡಿಯಲ್ಲಿ ನಿಲ್ಲುತ್ತದೆಯೇ?

ಮದ್ದು ಉಂಟು, ಅದೂ ಬಿಟ್ಟಿ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳು ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಪೀರಿಯಡ್ ಹೆಚ್ಚಿಗೆ ಕೊಟ್ಟವು. 2015ರಲ್ಲಿ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ದೋಷ ಬಂದಿದ್ದರೆ, ಉಳಿದ ಶಾಲೆಗಳಲ್ಲಿ ಸುಮಾರು 40. ತೈವಾನ್ ದಿನಕ್ಕೆ ಎರಡು ತಾಸು ಬಯಲಲ್ಲಿರಿ ಎಂದೇ ಶಾಲೆಗಳಿಗೆ ಹೇಳಿತು. ಕಲ್ಯಾಣದ ಏಪ್ರಿಲ್ ಮಧ್ಯಾಹ್ನ ಮಕ್ಕಳನ್ನು ಹೊರಗಟ್ಟಬೇಕೆಂದು ಇದರರ್ಥವಲ್ಲ. ಬೆಳಗಿನ ಬೆಳಕು ಸಾಕು, ಬೇವಿನ ಮರದ ನೆರಳೂ ಆದೀತು. ಆ ನೆರಳಿನ ಬೆಳಕು ಕೋಣೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಬಿಸಿಲು ಮುಖ್ಯವಾಗಿ ದೋಷ ಬರುವುದನ್ನು ತಡೆಯುತ್ತದೆ. ಬಂದ ಮೇಲೆ ಬೇರೆ ಕ್ರಮ ಬೇಕು. ಇಲ್ಲಿ ಮನೆಯವರ ತಪ್ಪು ತಿಳಿವಳಿಕೆಯೇ ಅಡ್ಡಿ. ‘ಚಷ್ಮಾ ಹಾಕಿದ್ರ ನಂಬರ್ ಏರ್ತದ’ ಎಂದು ಅರ್ಧ ನಂಬರಿನದು ಕೊಡಿಸುವುದುಂಟು. 2002ರ ಮಲೇಷ್ಯಾದ ಅಧ್ಯಯನದಲ್ಲಿ ಹಾಗೆ ಕಡಿಮೆ ನಂಬರ್ ಕೊಟ್ಟ ಮಕ್ಕಳಲ್ಲೇ ದೋಷ ಹೆಚ್ಚು ಬೆಳೆದಿತ್ತು. ‘ಹುಡುಗಿಗಿ ಚಷ್ಮಾ ಬಂದ್ರ ಯಾರ್ ಮಾಡ್ಕೋತಾರ್ರಿ?’ ಎಂಬ ಮಾತಂತೂ ಹೆಣ್ಣುಮಕ್ಕಳ ಓದಿಗೇ ಕಲ್ಲು ಹಾಕುತ್ತದೆ. ನಂಬರ್ ಬೇಗ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಇದೆ. 2019ರ ಹಾಂಗ್‌ಕಾಂಗ್ ಅಧ್ಯಯನ ಅದರ ಗುಣವನ್ನು ತೋರಿಸಿದೆ. ಅದನ್ನು ಕಣ್ಣಿನ ಡಾಕ್ಟರು ಬರೆದುಕೊಟ್ಟರೆ ಮಾತ್ರ ಹಾಕಬೇಕು, ಅಂಗಡಿಯವನ ಮಾತಿಗೆ ಅಲ್ಲ.

ಇನ್ನು ಸರಕಾರದ ಪಾಲು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು, ಕಣ್ಣನ್ನೂ ನೋಡಬೇಕು. ಖಾಸಗಿ ಶಾಲೆ ಈ ಲೆಕ್ಕದಲ್ಲಿಲ್ಲ. ಅಂದರೆ ಫೀ ಕಟ್ಟಿ ಓದುವ ಮಗುವಿನ ಕಣ್ಣು ನೋಡುವವರು ಮನೆಯವರೇ. ಬೋರ್ಡ್ ಕಾಣದೆ ಪಕ್ಕದವನ ನೋಟ್‌ಬುಕ್ ನೋಡಿ ಬರೆಯುವ ಹುಡುಗನಿಗೆ ‘ದಡ್ಡ’ ಎಂಬ ಹಣೆಪಟ್ಟಿ ಅಂಟುವುದು ಹೀಗೆಯೇ.

ಆಗಬೇಕಾದ್ದು ದೊಡ್ಡದೇನಲ್ಲ. ಆಟದ ಪೀರಿಯಡ್ಡನ್ನು ಗಣಿತದ ಮಾಸ್ತರರು ಕಸಿಯಕೂಡದು. ಕೋಚಿಂಗ್ ನಡೆಸುವವರು ಹಗಲ ಬೆಳಕಿನಲ್ಲಿ ಒಂದು ತಾಸು ಮಕ್ಕಳನ್ನು ಹೊರಗೆ ಬಿಡಬೇಕು. ಶಾಲಾಭಿವೃದ್ಧಿ ಸಮಿತಿಯವರು ಕಣ್ಣಿನ ತಪಾಸಣೆಯ ಪಟ್ಟಿ ಕೇಳಿ ನೋಡಬೇಕು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರನ್ನು ಕರೆಸಬೇಕು. ನವೋದಯದ ಸೀಟು ಕೆಲವರಿಗಷ್ಟೇ ಸಿಗುತ್ತದೆ. ಆ ಓಟದಲ್ಲಿ ಕೆಡುವ ಕಣ್ಣು ಮಾತ್ರ ಸೀಟು ಸಿಕ್ಕವರದೂ ಹೌದು, ಸಿಗದವರದೂ ಹೌದು.