ಪಟ್ಟಿಯಲ್ಲಿ ಹೆಸರು, ಮತಕ್ಕೆ ವಿಮಾನಯಾನ

ವಿದೇಶದಲ್ಲಿ ನೆಲೆಸಿರುವ ಭಾರತೀಯ ಪೌರರು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಲು ಅವಕಾಶ ದೊರೆತದ್ದು 2011ರಲ್ಲಿ. ಜನಪ್ರತಿನಿಧಿ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಫಲವಿದು. ಆದರೆ ಮತ ಚಲಾಯಿಸಲು ಅವರು ಪಾಸ್‌ಪೋರ್ಟ್ ಸಹಿತ ತವರಿನ ಮತಗಟ್ಟೆಗೇ ಬರಬೇಕು.

ಪರಿಣಾಮ ಕಣ್ಣೆದುರಿಗಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿತ ಅನಿವಾಸಿ ಮತದಾರರು 1,19,374. ಮತ ಹಾಕಿದವರು 2,958 ಮಾತ್ರ. ಅವರಲ್ಲೂ 2,670 ಮಂದಿ ಕೇರಳದವರು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಕಾರ್ಮಿಕರಿಗೆ ಒಂದು ಮತಕ್ಕಾಗಿ ರಜೆ, ಪ್ರಯಾಣವೆಚ್ಚ ಎರಡನ್ನೂ ಹೊಂದಿಸುವುದು ಸುಲಭಸಾಧ್ಯವಲ್ಲ.

ಬದಲಿ ವ್ಯಕ್ತಿಯ ಮೂಲಕ ಮತದಾನಕ್ಕೆ ಅವಕಾಶ ನೀಡುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿಗೆ ನೀಡಿತ್ತು. ರಾಜ್ಯಸಭೆಯ ಅಂಗೀಕಾರ ದೊರೆಯದೆ, 2019ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಅದು ಅನೂರ್ಜಿತಗೊಂಡಿತು. ಸೈನಿಕರಿಗಾದರೆ ಮತಪತ್ರ ವಿದ್ಯುನ್ಮಾನ ಮಾರ್ಗದಲ್ಲಿ ತಲುಪಿ, ಅಂಚೆಯಲ್ಲಿ ಮರಳುತ್ತದೆ. ಈ ಸೌಲಭ್ಯವನ್ನು ಅನಿವಾಸಿಗಳಿಗೂ ವಿಸ್ತರಿಸಲು ಚುನಾವಣಾ ಆಯೋಗ 2020ರಲ್ಲೇ ಪ್ರಸ್ತಾವ ಮುಂದಿಟ್ಟಿತ್ತು.

ಮತದ ಗೋಪ್ಯತೆ ಹಾಗೂ ಉದ್ಯೋಗದಾತರ ಒತ್ತಡದ ಕುರಿತ ಆತಂಕ ನಿರಾಧಾರವೇನಲ್ಲ. ಆದರೂ ಬದಲಿ ಪದ್ಧತಿಯಲ್ಲಿ ಮತವೇ ಇನ್ನೊಬ್ಬರ ಕೈ ಸೇರುತ್ತದೆ. ಅಂಚೆ ಮತದಲ್ಲಿ ಗುರುತು ಹಾಕುವವನು ಮತದಾರನೇ. ಹಕ್ಕನ್ನು ನೀಡಿದ ಸಂಸತ್ತು ಅದನ್ನು ಚಲಾಯಿಸುವ ಮಾರ್ಗವನ್ನೂ ತೋರಬೇಕಿದೆ. ಆಯ್ದ ದೇಶಗಳಲ್ಲಿ, ರಾಯಭಾರ ಕಚೇರಿಗಳ ಮೇಲ್ವಿಚಾರಣೆಯಲ್ಲಿ ಪ್ರಯೋಗಾರ್ಥವಾಗಿ ಇದನ್ನು ಆರಂಭಿಸುವುದು ವಿವೇಕಯುತ.